ಯಾವ ಸಂದೇಹಕ್ಕೆ ಸಮಾಧಾನ, ಯಾವ ಸಂದೇಹಕ್ಕೆ ಪರೀಕ್ಷೆ: ಮನೆಯಲ್ಲೇ ಕಲಿಯುವ ಇಬ್ಬರು ಮಕ್ಕಳ ಪ್ರಕರಣ

ಈ ಪ್ರಕರಣವನ್ನು ದಂಪತಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ; ಮಕ್ಕಳ ವಯಸ್ಸನ್ನು ಮಾತ್ರ ಇದ್ದಂತೆಯೇ ಉಳಿಸಿದ್ದೇನೆ, ಏಕೆಂದರೆ ಇಲ್ಲಿ ವಯಸ್ಸೇ ಮುಖ್ಯ. ಮಗನಿಗೆ ಹತ್ತು ವರ್ಷ, ಮಗಳಿಗೆ ಏಳೂವರೆ. ಮಗ ಮೂರು ವರ್ಷ ಶಾಲೆಗೆ ಹೋಗಿದ್ದ. ಪ್ರತಿದಿನ ಬೆಳಿಗ್ಗೆ ಹೊಟ್ಟೆನೋವೆಂದು ಅಳತೊಡಗಿದಾಗ, ವೈದ್ಯರು ದೈಹಿಕ ಕಾರಣ ಏನೂ ಇಲ್ಲವೆಂದ ಮೇಲೆ, ಎರಡು ವರ್ಷದ ಹಿಂದೆ ಅವನನ್ನು ಬಿಡಿಸಿದರು. ಮಗಳನ್ನು ಶಾಲೆಗೆ ಸೇರಿಸಿಯೇ ಇರಲಿಲ್ಲ. ಮೊದಲ ವರ್ಷ ಪಠ್ಯಪುಸ್ತಕ, ವೇಳಾಪಟ್ಟಿ ಎಲ್ಲವನ್ನೂ ಇಟ್ಟುಕೊಂಡು ಮನೆಯನ್ನೇ ಶಾಲೆ ಮಾಡಿದ್ದರು. ಎರಡನೆಯ ವರ್ಷ ಅದನ್ನೂ ಕೈಬಿಟ್ಟು, ಮಕ್ಕಳ ಆಸಕ್ತಿ ಎಳೆದ ಕಡೆಗೆ ಕಲಿಕೆ ಸಾಗಲಿ ಎಂಬ ಅನ್‌ಸ್ಕೂಲಿಂಗ್ ಹಾದಿ ಹಿಡಿದಿದ್ದರು.

ನನ್ನ ಬಳಿ ಬಂದದ್ದು ಮಕ್ಕಳ ಸಮಸ್ಯೆಗಲ್ಲ, ತಮ್ಮಿಬ್ಬರ ಜಗಳಕ್ಕೆ. ತಾಯಿ ಕುಳಿತುಕೊಳ್ಳುವ ಮೊದಲೇ ಕೇಳಿದರು: “ನಾವು ತಪ್ಪು ಮಾಡಿಬಿಟ್ಟೆವಾ, ಮೇಡಂ?” ತಂದೆ ಏನನ್ನೂ ಕೇಳಲಿಲ್ಲ. ಅವರ ತೀರ್ಮಾನ ಆಗಲೇ ಆಗಿತ್ತೋ, ಅಥವಾ ತೀರ್ಮಾನವನ್ನು ಬಾಯಿಬಿಟ್ಟು ಹೇಳಲು ಭಯವಿತ್ತೋ, ಆ ದಿನ ನನಗೆ ತಿಳಿಯಲಿಲ್ಲ.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ತಾಯಿಯ ಆತಂಕ ಕಂಡು, ಅದನ್ನು ಆದಷ್ಟು ಬೇಗ ಇಳಿಸಬೇಕೆಂದು, ಗೊತ್ತಿದ್ದ ಅಧ್ಯಯನಗಳನ್ನೆಲ್ಲ ಹೇಳಿದೆ. ಪೀಟರ್ ಗ್ರೇ ಮತ್ತು ಜೀನಾ ರೈಲಿ ಎಂಬ ಸಂಶೋಧಕರು, ಬಹುಪಾಲು ಅಮೆರಿಕದಲ್ಲಿರುವ 232 ಅನ್‌ಸ್ಕೂಲಿಂಗ್ ಕುಟುಂಬಗಳ ಅನುಭವವನ್ನು 2013ರಲ್ಲಿ ಪ್ರಕಟಿಸಿದ್ದಾರೆ. ಹಾಗೆ ಬೆಳೆದು ದೊಡ್ಡವರಾದ 75 ಮಂದಿಯನ್ನು ಅವರು ನಂತರ ವಿಚಾರಿಸಿದಾಗ, 62 ಮಂದಿ ಯಾವುದಾದರೊಂದು ಬಗೆಯ ಉನ್ನತ ಶಿಕ್ಷಣಕ್ಕೆ ಹೋಗಿದ್ದುದು ತಿಳಿಯಿತು. ತಾಯಿಯ ಮುಖ ಅರಳಿತು. ತಂದೆ ಮಾತ್ರ ತಣ್ಣಗೆ, “ಉತ್ತರ ಕೊಡಲು ಮುಂದೆ ಬಂದವರು ಚೆನ್ನಾಗಿದ್ದವರೇ ಇರಬೇಕಲ್ಲವೇ?” ಎಂದರು. ಅವರ ಮಾತು ನಿಜ. ಆ ಸಂಶೋಧಕರೂ ಈ ಮಿತಿಯನ್ನು ಒಪ್ಪಿಕೊಂಡಿದ್ದಾರೆ. ತಾವಾಗಿ ಮುಂದೆ ಬಂದವರ ಉತ್ತರಗಳಿಂದ ಎಲ್ಲ ಕುಟುಂಬಗಳ ಬಗ್ಗೆ ಹೇಳಲಾಗದು. ಸಂದೇಹ ಯಾವುದೆಂದು ತಿಳಿಯುವ ಮೊದಲೇ ಸಮಾಧಾನ ಹೇಳಹೊರಟರೆ ಅದು ಯಾರಿಗೂ ತಾಗುವುದಿಲ್ಲ.

ಎರಡನೆಯ ಭೇಟಿಗೆ ಮಕ್ಕಳನ್ನೂ, ತಾಯಿ ಬರೆಯುತ್ತಿದ್ದ ದಿನಚರಿಯನ್ನೂ ತರಲು ಹೇಳಿದ್ದೆ. ದಪ್ಪ ನೋಟ್‌ಬುಕ್ಕು. ಪ್ರತಿ ಪುಟದಲ್ಲೂ ಸ್ಕೇಲಿಟ್ಟು ಗೆರೆ ಎಳೆದು ಗಣಿತ, ಭಾಷೆ, ವಿಜ್ಞಾನ, ಸಮಾಜ ಎಂದು ನಾಲ್ಕು ಕಾಲಂ ಮಾಡಿದ್ದರು. ಶಾಲೆ ಬಿಡಿಸಿ ಎರಡು ವರ್ಷವಾಗಿದ್ದರೂ ಶಾಲೆಯ ವೇಳಾಪಟ್ಟಿ ಆ ಗೆರೆಗಳಲ್ಲಿ ಹಾಗೇ ಉಳಿದಿತ್ತು. ಇತ್ತೀಚಿನ ಪುಟಗಳಲ್ಲಿ ಕಾಲಂಗಳು ಖಾಲಿ, ಒಂದು ಪುಟದ ಅಡಿಯಲ್ಲಿ, “ಇವತ್ತು ಏನೂ ಇಲ್ಲ. ಇಡೀ ದಿನ ಪಾರಿವಾಳದ ಗೂಡಿನ ಹತ್ತಿರವೇ ಇದ್ದ” ಎಂದಿತ್ತು.

ಆ ಗೂಡಿನ ಬಗ್ಗೆ ಹೇಳಿ ಎಂದೆ. ತಾಯಿ ಸಂಕೋಚದಿಂದ ಶುರು ಮಾಡಿದರು, ಮಗ ಅವರ ಮಾತನ್ನು ಕಿತ್ತುಕೊಂಡ. ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಎರಡು ಮೊಟ್ಟೆ. ಎರಡನೆಯದು ಕಂಡ ದಿನದಿಂದ ಅವನು ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಟು ಹಾಕುತ್ತ ಬಂದಿದ್ದ. ಹಗಲಲ್ಲಿ ಕೂರುವ ಹಕ್ಕಿಯೇ ಬೇರೆ, ಸಂಜೆ ಬಂದು ಕೂರುವುದೇ ಬೇರೆ ಎಂದು ಕತ್ತಿನ ಬಣ್ಣದಿಂದ ಗುರುತಿಸಿದ್ದ. ಮರಿ ಹೊರಬಂದ ದಿನ ಗೀಟುಗಳನ್ನು ಎಣಿಸಿ ಹದಿನೆಂಟು ಎಂದು ಬರೆದು, ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದ; ಮೊದಲ ಮೊಟ್ಟೆ ಯಾವಾಗ ಇಟ್ಟಿತೋ ತಾನು ನೋಡಿರಲಿಲ್ಲ, ಆದ್ದರಿಂದ ಲೆಕ್ಕ ಪೂರ್ತಿ ಸರಿಯೆನ್ನಲು ಬರುವುದಿಲ್ಲ ಎಂಬುದು ಅವನ ವಿವರಣೆ. ಪಾರಿವಾಳದ ಮೊಟ್ಟೆ ಒಡೆಯಲು ಸುಮಾರು 18 ದಿನ ಬೇಕು. ಹಗಲಿನ ಬಹುಭಾಗ ಗಂಡು, ಉಳಿದ ಹೊತ್ತು ಹೆಣ್ಣು ಕಾವು ಕೊಡುತ್ತವೆ. ಹುಡುಗ ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ತನ್ನ ಅಳತೆ ಎಲ್ಲಿ ಸಡಿಲವಾಗಿದೆ ಎಂದು ತಾನೇ ಗುರುತಿಸುವ ಹತ್ತು ವರ್ಷದ ಮಗುವನ್ನು ನಾನು ಹೆಚ್ಚು ಕಂಡಿಲ್ಲ. ದಿನಚರಿಯಲ್ಲಿ ಅದಕ್ಕೆ ಸಿಕ್ಕ ಹೆಸರು ‘ಏನೂ ಇಲ್ಲ’.

ಮಾತು ಹೀಗೆ ಸಾಗಿದ್ದಾಗ ತಂದೆ ನಡುವೆ ಬಂದು, “ಅದಿರಲಿ, ಏಳೆಂಟಲೆಷ್ಟು ಹೇಳು” ಎಂದರು. ಹುಡುಗ ತಟ್ಟನೆ ನಿಂತ. ಉತ್ತರ ಹೇಳುವ ಮೊದಲು ಅಪ್ಪನ ಮುಖ ನೋಡಿದ, ಆಮೇಲೆ ಅಮ್ಮನ ಮುಖ. “ಐವತ್ನಾಲ್ಕು?” ಎಂದ ದನಿಯಲ್ಲಿ, ಒಂದು ನಿಮಿಷದ ಹಿಂದೆ ಗೂಡಿನ ಕತೆ ಹೇಳುತ್ತಿದ್ದ ಹುಡುಗ ಇರಲಿಲ್ಲ. ಅನ್‌ಸ್ಕೂಲಿಂಗ್ ಎಂಬ ಪದವನ್ನು 1970ರ ದಶಕದಲ್ಲಿ ಬಳಕೆಗೆ ತಂದ ಜಾನ್ ಹೋಲ್ಟ್ ಸ್ವತಃ ಶಾಲಾ ಶಿಕ್ಷಕರಾಗಿದ್ದವರು. ತರಗತಿಯಲ್ಲಿ ಮಕ್ಕಳು ಪ್ರಶ್ನೆಯನ್ನು ಯೋಚಿಸುವುದಕ್ಕಿಂತ ಟೀಚರ ಮುಖ ಓದಿ ಉತ್ತರ ಊಹಿಸುವುದರಲ್ಲೇ ಶಕ್ತಿ ಕಳೆಯುತ್ತಾರೆ ಎಂದು ಗುರುತಿಸಿದ್ದು ಆ ಅನುಭವದಿಂದಲೇ. ಶಾಲೆ ಬಿಡಿಸಿದ ಮನೆಯಲ್ಲೂ ಆ ನೋಟ ಹಾಗೆಯೇ ಉಳಿಯಬಲ್ಲದು. ವಿಚಾರಿಸಿದಾಗ, ರಾತ್ರಿ ಊಟದ ಹೊತ್ತಿಗೆ ದಿನವೂ ಈ ಮಗ್ಗಿ ಪರೀಕ್ಷೆ ನಡೆಯುತ್ತಿತ್ತೆಂದೂ, ಹುಡುಗ ಈಚೆಗೆ ನಿದ್ದೆ ಬಂತೆಂದು ಊಟಕ್ಕೇ ಬರುತ್ತಿರಲಿಲ್ಲವೆಂದೂ ತಿಳಿಯಿತು.

ಮಕ್ಕಳನ್ನು ಹೊರಗೆ ಆಡಲು ಕಳಿಸಿ, ತಂದೆಯೊಬ್ಬರೊಡನೆ ಮಾತಾಡಿದೆ. ಮಗನನ್ನು ದಿನವೂ ಕೇಳುತ್ತೀರಿ. ಮಗಳನ್ನು ಎಂದಾದರೂ ಏನಾದರೂ ಓದಲು ಹೇಳಿದ್ದೀರಾ? ಬಹಳ ಹೊತ್ತು ಸುಮ್ಮನಿದ್ದರು. ಇಲ್ಲವೆಂದರು. ಅವಳಿಗೆ ಓದಲು ಬರುವುದಿಲ್ಲ, ಅಕ್ಷರಗಳನ್ನು ಇವತ್ತು ಗುರುತಿಸಿದರೆ ನಾಳೆ ಮರೆಯುತ್ತಾಳೆ, ತಾಯಿ ಹೇಗೂ ಸಮಯ ಬಂದಾಗ ಬರುತ್ತದೆ ಎನ್ನುತ್ತಾರೆ ಎಂದರು. ಆಮೇಲೆ ತಮ್ಮ ಶಾಲೆಯ ದಿನಗಳ ಕತೆ ಬಂತು. ಐದನೆಯ ತರಗತಿಯವರೆಗೆ ಅವರಿಗೂ ಸರಾಗವಾಗಿ ಓದಲು ಬರುತ್ತಿರಲಿಲ್ಲ. ಎದ್ದು ನಿಲ್ಲಿಸಿ ಓದಿಸುತ್ತಿದ್ದರು, ಉಳಿದವರು ನಗುತ್ತಿದ್ದರು. ಇಂದಿಗೂ ಕಚೇರಿಯಲ್ಲಿ ಉದ್ದದ ಕಾಗದ ಬಂದರೆ ಬೇರೆಯವರಿಗೆ ಕೊಟ್ಟು, ಅದರಲ್ಲಿ ಏನಿದೆ ಎಂದು ಬಾಯಲ್ಲಿ ಕೇಳಿಕೊಳ್ಳುತ್ತಾರೆ. ಮಗಳು ಪುಸ್ತಕ ಹಿಡಿದು ಕೂತದ್ದನ್ನು ನೋಡಲಾಗದೆ ಅವರು ಮಗನ ಮಗ್ಗಿಯ ಕಡೆ ತಿರುಗಿದ್ದರು. ಹೆಂಡತಿಗೆ ಈ ಕತೆ ಆ ದಿನದವರೆಗೆ ಗೊತ್ತಿರಲಿಲ್ಲ.

ಸಂದೇಹಗಳೆಲ್ಲ ಒಂದೇ ಜಾತಿಯವಲ್ಲ ಎಂಬುದನ್ನು ಮನೆಕಲಿಕೆಯ ಕುಟುಂಬಗಳೊಂದಿಗೆ ಕೆಲಸ ಮಾಡುವವರು ಮರೆಯಬಾರದು. ಗ್ರೇ ಮತ್ತು ರೈಲಿಯವರ 232 ಕುಟುಂಬಗಳು ಅತಿ ಹೆಚ್ಚಾಗಿ ಹೆಸರಿಸಿದ ಕಷ್ಟ ಮಕ್ಕಳ ಕಲಿಕೆಯದ್ದಲ್ಲ. ಇತರರ ಟೀಕೆ ಮತ್ತು ತಮ್ಮೊಳಗೇ ಬೇರೂರಿದ್ದ ಹಳೆಯ ನಂಬಿಕೆಗಳನ್ನು ಮೀರುವ ಕಷ್ಟ. ಮಗನ ಬಗೆಗಿನ ಸಂದೇಹ ಈ ಜಾತಿಗೆ ಸೇರಿದ್ದು. ಅದಕ್ಕೆ ಬೇಕಾದದ್ದು ಸಮಾಧಾನ. ಮಗಳ ಬಗೆಗಿನದು ಹಾಗಲ್ಲ. ತಾಯಿ ಅದನ್ನು ನಂಬಿಕೆಯಿಂದ ಮುಚ್ಚಿದ್ದರು, ತಂದೆ ಮೌನದಿಂದ ಮುಚ್ಚಿದ್ದರು.

ಮಗನ ವಿಚಾರದಲ್ಲಿ ನಾನು ಕೊಟ್ಟ ಸಲಹೆ ನೇರವಾಗಿತ್ತು. ಆರು ವಾರ ಊಟದ ಹೊತ್ತಿನ ಪ್ರಶ್ನೆಗಳು ನಿಲ್ಲಬೇಕು. ಅದಕ್ಕೆ ಬದಲಾಗಿ ತಂದೆ ದಿನಕ್ಕೆ ಅರ್ಧ ಗಂಟೆ ತಮಗೆ ಇಷ್ಟವಾದ ಯಾವುದೋ ಕೆಲಸಕ್ಕೆ ಮಗನನ್ನು ಜೊತೆ ಮಾಡಿಕೊಳ್ಳಬೇಕು, ಮತ್ತು ಆ ಅರ್ಧ ಗಂಟೆಯಲ್ಲಿ ತಮಗೆ ಉತ್ತರ ಗೊತ್ತಿರುವ ಒಂದು ಪ್ರಶ್ನೆಯನ್ನೂ ಕೇಳಬಾರದು. ಮಗ್ಗಿ ಹಿಂದೆ ಬಿದ್ದರೆ ಜೀವನವೇ ಹಿಂದೆ ಬೀಳುತ್ತದೆಯೇ ಎಂದು ಅವರು ಕೇಳಿದಾಗ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್ ನಗರದಲ್ಲಿ ಶಾಲೆಗಳ ಮುಖ್ಯಸ್ಥರಾಗಿದ್ದ ಎಲ್. ಪಿ. ಬೆನೆಜೆಟ್ 1929ರಲ್ಲಿ ಆರಂಭಿಸಿದ ಪ್ರಯೋಗವನ್ನು ಹೇಳಿದೆ. ಕೆಲವು ತರಗತಿಗಳಲ್ಲಿ ಲೆಕ್ಕದ ಔಪಚಾರಿಕ ಪಾಠವನ್ನು ಆರನೆಯ ತರಗತಿಯವರೆಗೆ ಮುಂದೂಡಿ, ಆ ಸಮಯವನ್ನು ಓದು, ಮಾತು, ಅಂದಾಜು ಮಾಡುವುದಕ್ಕೆ ಕೊಟ್ಟರು. ಆ ಮಕ್ಕಳು ಆರನೆಯ ತರಗತಿ ಮುಗಿಯುವ ಹೊತ್ತಿಗೆ, ಮೊದಲಿನಿಂದ ಲೆಕ್ಕ ಕಲಿತಿದ್ದವರನ್ನು ಹಿಡಿದಿದ್ದರು. ಇದು ಹಳೆಯ ಪ್ರಯೋಗ, ಒಂದೇ ನಗರದ್ದು; ಲೆಕ್ಕವೇ ಬೇಡ ಎನ್ನಲು ಇದು ಆಧಾರವಲ್ಲ. ಹತ್ತನೆಯ ವಯಸ್ಸಿಗೆ ಏಳೆಂಟಲು ಐವತ್ತಾರು ನಾಲಿಗೆಯ ತುದಿಯಲ್ಲಿಲ್ಲದಿದ್ದರೆ ಬಾಗಿಲು ಮುಚ್ಚಿಹೋಗುವುದಿಲ್ಲ ಎನ್ನುವಷ್ಟಕ್ಕೆ ಸಾಕು.

ದಿನಚರಿ ನಿಲ್ಲಿಸಲು ಹೇಳಲಿಲ್ಲ. ಕಾಲಂಗಳನ್ನು ನಿಲ್ಲಿಸಲು ಹೇಳಿದೆ. ಆ ದಿನ ಮಗು ಮಾಡಿದ್ದರಲ್ಲಿ ಒಂದನ್ನು ಕಂಡಂತೆಯೇ ಬರೆಯಿರಿ, ಮಗು ಕೇಳಿದ ಒಂದು ಪ್ರಶ್ನೆಯನ್ನು ಅದರ ಮಾತಿನಲ್ಲೇ ಬರೆಯಿರಿ, ತಿಂಗಳ ಕೊನೆಗೆ ಇಬ್ಬರೂ ಕೂತು ಓದಿ. ಮನೆಕಲಿಕೆಯ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಶಾಲೆಗೆ ಹೋಗುವುದೇ ಕಡ್ಡಾಯ. ಅಮೆರಿಕದ 50 ರಾಜ್ಯಗಳಲ್ಲೂ ಮನೆಕಲಿಕೆಗೆ ಅವಕಾಶವಿದ್ದರೂ ನಿಯಮಗಳು ಒಂದೇ ಅಲ್ಲ. ಹೀಗಾಗಿ ತಮಗೆ ಅನ್ವಯಿಸುವ ನಿಯಮವನ್ನೂ ಮುಂದೆ ಪರೀಕ್ಷೆ ಬರೆಯುವ ದಾರಿಯನ್ನೂ ಬರೆದಿಟ್ಟುಕೊಳ್ಳುವಂತೆ ಹೇಳಿದೆ. ಅರ್ಧರಾತ್ರಿಯ ಆತಂಕಗಳಲ್ಲಿ ಎಷ್ಟೋ ಒಂದು ಹಾಳೆಯ ಮಾಹಿತಿಯಿಂದ ಕರಗುವಂಥವು. ಎಷ್ಟನೇ ಕ್ಲಾಸು ಎಂದು ಬಂಧುಗಳು ಕೇಳಿದರೆ, “ಮನೆಯಲ್ಲೇ ಕಲಿಯುತ್ತಿದ್ದಾರೆ, ಚೆನ್ನಾಗಿದ್ದಾರೆ” ಎಂಬ ಒಂದೇ ಮಾತು ಸಾಕು. ಮಕ್ಕಳೆದುರು ವಾದಕ್ಕೆ ಇಳಿಯಬಾರದು. ತನ್ನ ವಿಷಯದಲ್ಲಿ ದೊಡ್ಡವರು ಸಮರ್ಥನೆ ಕೊಡುವುದನ್ನು ಕೇಳಿಸಿಕೊಳ್ಳುವ ಮಗು ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತದೆ.

ಮಗಳ ವಿಚಾರದಲ್ಲಿ ಕಾಯೋಣ ಎಂದು ಹೇಳಲು ನನ್ನ ಮನಸ್ಸು ಒಪ್ಪಲಿಲ್ಲ. ತಡವಾಗಿ ಓದಲು ಕಲಿತವರು ಕ್ರಮೇಣ ಉಳಿದವರ ಸಮಕ್ಕೆ ಬರುತ್ತಾರೆ ಎಂಬ ಮಾತು ಮನೆಕಲಿಕೆಯ ವಲಯದಲ್ಲಿ ಬಹಳ ಓಡಾಡುತ್ತದೆ, ಅದಕ್ಕೆ ಆಧಾರವೂ ಇದೆ: ನ್ಯೂಜಿಲೆಂಡಿನಲ್ಲಿ ಸೆಬಾಸ್ಟಿಯನ್ ಸಗ್ಗೇಟ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಐದನೆಯ ವಯಸ್ಸಿನಲ್ಲಿ ಓದು ಆರಂಭಿಸಿದವರಿಗೂ ಏಳರಲ್ಲಿ ಆರಂಭಿಸಿದವರಿಗೂ ಸುಮಾರು ಹನ್ನೊಂದರ ಹೊತ್ತಿಗೆ ಓದಿನ ಸಾಮರ್ಥ್ಯದಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಆದರೆ ಆ ಮಕ್ಕಳಿಗೆ ಏಳನೆಯ ವಯಸ್ಸಿನಲ್ಲಿ ಶಾಲೆಯಲ್ಲಿ ಓದು ಕಲಿಸಲಾಗಿತ್ತು. ಕಲಿಸಲು ಶುರುಮಾಡಿಲ್ಲದ ಮಗುವೇ ಬೇರೆ, ಕಲಿಸಿದರೂ ನಿಲ್ಲದ ಮಗುವೇ ಬೇರೆ. ಈ ಹುಡುಗಿ ಅದ್ಭುತವಾಗಿ ಕತೆ ಹೇಳುತ್ತಿದ್ದಳು, ಆದರೆ ಪ್ರಾಸ ಹಿಡಿಯಲು ತಡವರಿಸುತ್ತಿದ್ದಳು, ಒಂದು ಪದದ ಮೊದಲ ಧ್ವನಿಯನ್ನು ಬಿಡಿಸಿ ಹೇಳಲಾಗುತ್ತಿರಲಿಲ್ಲ, ವಾರದ ದಿನಗಳನ್ನು ಕ್ರಮವಾಗಿ ಹೇಳುವಾಗ ದಾರಿ ತಪ್ಪುತ್ತಿದ್ದಳು. ಇವೆಲ್ಲ ಡಿಸ್ಲೆಕ್ಸಿಯಾ, ಅಂದರೆ ಧ್ವನಿ ಮತ್ತು ಅಕ್ಷರಗಳನ್ನು ಹೊಂದಿಸಿ ಓದಲು ಕಲಿಯುವುದೇ ಕಷ್ಟವಾಗುವ ತೊಂದರೆ, ಇರಬಹುದೆಂಬ ಸೂಚನೆಗಳು. ಅದು ವಂಶದಲ್ಲಿ ಹರಿಯುವಂಥದ್ದು. ಹೆತ್ತವರಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. ಮೊದಲು ಕಣ್ಣು, ಕಿವಿ ತೋರಿಸಿ, ಆಮೇಲೆ ಕಲಿಕಾ ತೊಂದರೆಗಳನ್ನು ನೋಡುವ ಮನಶ್ಶಾಸ್ತ್ರಜ್ಞರ ಬಳಿ ಕಳಿಸಿದೆ.

ವರದಿ ಬಂದಾಗ ತಾಯಿ ಅತ್ತರು. ಡಿಸ್ಲೆಕ್ಸಿಯಾ ಇತ್ತು. “ಕಾಯೋಣ ಎಂದು ಒಂದು ವರ್ಷ ಕಳೆದೆನಲ್ಲ” ಎಂಬ ಅವರ ಸಂಕಟಕ್ಕೆ ನಾನು ಸುಳ್ಳು ಸಮಾಧಾನ ಹೇಳಲಿಲ್ಲ. ಒಂದು ವರ್ಷ ಮೊದಲೇ ತಿಳಿದಿದ್ದರೆ ಒಳ್ಳೆಯದಿತ್ತು. ಆದರೆ ಓದಲು ಬಾರದ ಕಾರಣಕ್ಕೆ ಆ ಹುಡುಗಿಯನ್ನು ಯಾರೂ ನಿಲ್ಲಿಸಿ ನಕ್ಕಿರಲಿಲ್ಲ, ಅವಳು ಪುಸ್ತಕವನ್ನು ದ್ವೇಷಿಸುತ್ತಿರಲಿಲ್ಲ, ಅಮ್ಮ ಓದಿ ಹೇಳುವುದನ್ನು ಗಂಟೆಗಟ್ಟಲೆ ಕೇಳುತ್ತಿದ್ದಳು. ತಂದೆ ಆ ವಯಸ್ಸಿಗೆ ಕಳೆದುಕೊಂಡದ್ದು ಇದನ್ನೇ, ಮತ್ತು ಇದನ್ನು ಹೆಂಡತಿಗೆ ಹೇಳಿದವರೂ ಅವರೇ.

ಡಿಸ್ಲೆಕ್ಸಿಯಾ ಇರುವ ಮಗುವಿಗೆ ಓದು ತಾನಾಗಿ ಅರಳುವವರೆಗೆ ಬಿಡುವುದು ಸ್ವಾತಂತ್ರ್ಯವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಧ್ವನಿ ಮತ್ತು ಅಕ್ಷರದ ಹೊಂದಾಣಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ, ನೇರವಾಗಿ, ಮತ್ತೆ ಮತ್ತೆ ಕಲಿಸಬೇಕು. ತರಬೇತಿ ಪಡೆದ ವಿಶೇಷ ಶಿಕ್ಷಕಿ ವಾರಕ್ಕೆ ಎರಡು ದಿನ, ಉಳಿದ ದಿನ ಮನೆಯಲ್ಲಿ ಇಪ್ಪತ್ತು ನಿಮಿಷ ಎಂದು ನಿಗದಿಯಾಯಿತು. ತಾಯಿಗೆ ಇದು ತಮ್ಮ ತತ್ವಕ್ಕೆ ಮಾಡಿದ ದ್ರೋಹದಂತೆ ಕಂಡಿತು. ಅನ್‌ಸ್ಕೂಲಿಂಗ್ ಮಗುವಿಗಾಗಿ ಇರುವುದು, ಮಗು ಅದಕ್ಕಾಗಿ ಅಲ್ಲ ಎಂದೆ. ಹುಡುಗಿಗೂ ವಿಷಯವನ್ನು ಮರೆಮಾಚದೆ ಹೇಳಲು ಸೂಚಿಸಿದ್ದೆ, ಹೇಳಿದ್ದು ಅಪ್ಪ. “ನನಗೂ ಹಾಗೇ ಇತ್ತು, ನನಗೆ ಯಾರೂ ಸರಿಯಾಗಿ ಹೇಳಿಕೊಡಲಿಲ್ಲ, ನಿನಗೆ ಹೇಳಿಕೊಡುತ್ತಾರೆ” ಎಂದರಂತೆ. ಈಗ ಆ ಇಪ್ಪತ್ತು ನಿಮಿಷ ಅವರೂ ಪಕ್ಕದಲ್ಲಿ ಕೂರುತ್ತಾರೆ.

ತಾಯಿಯ ಬಗ್ಗೆ ಒಂದು ಮಾತು. ಗ್ರೇ ಮತ್ತು ರೈಲಿಯವರ ಆ 75 ಮಂದಿಯಲ್ಲಿ ಮೂವರು ಮಾತ್ರ ತಮ್ಮನ್ನು ಹಾಗೆ ಬೆಳೆಸಿದ್ದು ಬೇಡವಿತ್ತು ಎಂದಿದ್ದರು. ಮೂವರೂ ಹೊರಗಿನವರ ಸಂಪರ್ಕವಿಲ್ಲದೆ, ಮನಸ್ಸು ಕುಗ್ಗಿದ ತಾಯಿ ಮತ್ತು ದೂರ ಉಳಿದ ತಂದೆಯ ನಡುವೆ ಬೆಳೆದವರು. ಮೊದಲ ಭೇಟಿಯಲ್ಲಿ 62ರ ಸಂಖ್ಯೆಗಿಂತ ಈ ಮೂರನ್ನೇ ಹೇಳಬೇಕಿತ್ತು. ಈ ತಾಯಿ ಎರಡು ವರ್ಷದಿಂದ ಒಬ್ಬರೇ ಹೊಣೆ ಹೊತ್ತಿದ್ದರು, ಗೆಳತಿಯರನ್ನು ಕಾಣುವುದನ್ನು ಬಿಟ್ಟಿದ್ದರು, ನಿದ್ದೆ ಕೆಟ್ಟಿತ್ತು. ವಾರದಲ್ಲಿ ಎರಡು ಅರ್ಧ ದಿನ ಮಕ್ಕಳು ತಂದೆಯ ವಶ. ಇಬ್ಬರೂ ಓರಗೆಯ ಮಕ್ಕಳೊಂದಿಗೆ ನಿಯಮಿತವಾಗಿ ಆಡಲು ಸಿಗುವ ಒಂದು ಜಾಗ ಕಡ್ಡಾಯ. ತಾಯಿಗೆ ಪ್ರತ್ಯೇಕವಾಗಿ ನಾಲ್ಕು ಭೇಟಿ.

ಮನೆಯಲ್ಲೇ ಮುಂದುವರಿಯುವುದೋ ಶಾಲೆಗೆ ಮರಳುವುದೋ ಎಂಬುದನ್ನು ದಿನವೂ ಚರ್ಚಿಸದೆ, ಆರು ತಿಂಗಳಿಗೊಮ್ಮೆ ಗೊತ್ತು ಮಾಡಿದ ದಿನ ಮಾತ್ರ ತೆರೆಯಬೇಕೆಂದು ಒಪ್ಪಿಕೊಂಡಿದ್ದಾರೆ. ಮೊದಲ ಆರು ತಿಂಗಳು ಮುಂದಿನ ವಾರ ಮುಗಿಯುತ್ತದೆ. ಮಗಳು ನಿಧಾನವಾಗಿ, ಬೆರಳಿಟ್ಟು, ಎರಡಕ್ಷರದ ಪದಗಳನ್ನು ಓದುತ್ತಿದ್ದಾಳೆ. ಮಗ ಊಟಕ್ಕೆ ಬರುತ್ತಾನೆ. ಶಾಲೆಯ ವಿಷಯ ಮಾತಾಡುವಾಗ ತಾನೂ ಇರಬೇಕೆಂದು ಅವನೇ ಕೇಳಿದ್ದಾನಂತೆ. ಮುಂದಿನ ಭೇಟಿಗೆ ನಾಲ್ಕು ಕುರ್ಚಿ ಹಾಕಿಸುತ್ತಿದ್ದೇನೆ.