ಶಾಲು ಹೊದಿಸುವ ಮೊದಲು ಕೇಳಬೇಕಿತ್ತು

ತೀರ್ಥಹಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: ‘ಕೀಮೋ ಮುಗಿಸಿ ಬಂದ ನಾದಿನಿಗೆ ನಮ್ಮ ಮಹಿಳಾ ಸಮಾಜದಲ್ಲಿ “ಕ್ಯಾನ್ಸರ್ ಗೆದ್ದ ಧೀರೆ” ಎಂದು ಸನ್ಮಾನ ಮಾಡಿಸಿದೆ. ಮನೆಗೆ ಬಂದವಳೇ, “ನಾಳೆ ಮತ್ತೆ ಬಂದರೆ ಸೋತವಳು ಅಂತೀರಾ ಅತ್ತಿಗೆ?” ಎಂದಳು. ನಾನು ಮಾಡಿದ್ದು ತಪ್ಪೇ?’

ನಿಮ್ಮ ಪ್ರೀತಿಯಲ್ಲಿ ತಪ್ಪಿಲ್ಲ ತಾಯಿ. ಆದರೆ ಅವರನ್ನು ಒಂದು ಮಾತು ಕೇಳದೆ ವೇದಿಕೆ ಹತ್ತಿಸಿದ್ದು ತಪ್ಪು. ಒಂದು ದಿನವೂ ಔಷಧಿ ತಪ್ಪಿಸದೆ ತೀರಿಕೊಂಡವರಿಗೆ ಧೈರ್ಯ ಕಡಿಮೆಯಿತ್ತೇ? ಗಡ್ಡೆ ಯಾವ ಬಗೆಯದು, ಯಾವ ಹಂತದಲ್ಲಿ ಸಿಕ್ಕಿತು ಎಂಬುದರ ಮೇಲೆ ನಿಂತಿದ್ದನ್ನೂ ನಾವು ಮನೋಬಲದ ಲೆಕ್ಕಕ್ಕೆ ಬರೆಯುತ್ತೇವೆ.

ಗೆದ್ದರು, ಸೋತರು ಎಂಬ ಈ ಯುದ್ಧದ ಮಾತಿಗೆ ಬಲ ಬಂದದ್ದು 1971ರಲ್ಲಿ, ಅಮೆರಿಕದ ಅಧ್ಯಕ್ಷ ನಿಕ್ಸನ್ ಕ್ಯಾನ್ಸರ್ ಕಾಯ್ದೆಗೆ ಸಹಿ ಹಾಕಿದಾಗ. ಸಂಶೋಧನೆಗೆ ಹಣ ಬಂತು, ಒಳ್ಳೆಯದೇ. ‘ಸರ್ವೈವರ್’, ಅಂದರೆ ಬದುಕುಳಿದವರು, ಎಂಬ ಹೆಸರಿನಿಂದ ಬಲ ಪಡೆದವರೂ ಇದ್ದಾರೆ. ಅವರಾಗಿ ಹೇಳಿಕೊಂಡರೆ ನನ್ನ ತಕರಾರಿಲ್ಲ. ಆದರೆ ಸ್ವತಃ ಕ್ಯಾನ್ಸರ್ ಉಂಡ ವೈದ್ಯ ಫಿಟ್ಜ್‌ಹ್ಯೂ ಮುಲನ್ 1985ರಲ್ಲಿ ಬರೆದದ್ದು ನೋಡಿ: ಗುಣವಾದರು, ಸತ್ತರು ಎಂಬ ಎರಡೇ ಖಾನೆ ಸಾಲದು, ರೋಗ ಪತ್ತೆಯಾದ ದಿನದಿಂದಲೇ ಬದುಕುಳಿಯುವುದು ಶುರು. ಅವರ ಲೆಕ್ಕದಲ್ಲಿ ಇನ್ನೂ ಹಾಸಿಗೆಯಲ್ಲಿರುವವರೂ ಇದ್ದರು. ನಮ್ಮ ಶಾಲು ಅವರನ್ನು ಬಿಟ್ಟುಬಿಡುತ್ತದೆ.

ಬೈಗುಳದಂಥ ಹೆಸರುಗಳೂ ಇವೆ. ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು, ಒಳ್ಳೆಯ ಮದ್ದಳೆಗಾರರು, ದವಡೆಯ ಆಪರೇಷನ್ ಆದ ಮೇಲೆ ಊರಿಗೆ ‘ಕವಳದ ಕ್ಯಾನ್ಸರಿನವ’ ಆಗಿಬಿಟ್ಟರು. ಕವಳವೆಂದರೆ ನಮ್ಮ ಕಡೆಯ ಎಲೆಯಡಿಕೆ. ನೋಡಲು ಬಂದವರದ್ದೆಲ್ಲ ಒಂದೇ ಮಾತು: ‘ಬಿಡು ಅಂತ ಆಗ್ಲೇ ಹೇಳಿದ್ವಲ್ಲ.’ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅಡಿಕೆಯನ್ನೇ ನಂಬಿದ ಮಲೆನಾಡಿಗರು ಅದನ್ನು ಮುಚ್ಚಿಡಬಾರದು. ಶಾಲೆಯಲ್ಲಿ ಹೇಳಿ, ಅಡಿಕೆ ಕೊನೆಕೊಯ್ಲಿನ ಅಂಗಳದಲ್ಲಿ ಹೇಳಿ. ಬಾಯಿ ಬಿಡಲಾಗದೆ ಗಂಜಿ ಕುಡಿಯುತ್ತಿರುವವರ ಮುಂದೆ ಹೇಳಿ ಏನು ಪ್ರಯೋಜನ?

ಪತ್ರಿಕೆಗಳಿಗೆ ಭ್ರಷ್ಟಾಚಾರವೂ ಕ್ಯಾನ್ಸರ್, ಜಾತೀಯತೆಯೂ ಕ್ಯಾನ್ಸರ್. ವಾರ್ಡಿನಲ್ಲಿ ಮಲಗಿದವರೂ ಪೇಪರ್ ಓದುತ್ತಾರೆ ಎಂಬುದು ಬರೆಯುವವರಿಗೆ ಹೊಳೆಯುವುದೇ ಇಲ್ಲ. ಇನ್ನು ಸನ್ಮಾನದ ಹುಚ್ಚು! ಹಾರ, ಮೈಕು, ಫೋಟೊಕ್ಕೆ ಜನ ಸಿಗುತ್ತಾರೆ. ರೇಡಿಯೇಶನ್‌ಗೆಂದು ವಾರಗಟ್ಟಲೆ ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಉಳಿದವರ ಮನೆಯ ಹಸುವಿಗೆ ಹುಲ್ಲು ಹಾಕಲು ಯಾರೂ ಸಿಗುವುದಿಲ್ಲ.

ನಾದಿನಿ ಮೊದಲು ಸಮಾಜದಲ್ಲಿ ಭಜನೆ ಹೇಳಿಕೊಡುತ್ತಿದ್ದರೆಂದು ಬರೆದಿದ್ದೀರಿ. ಮತ್ತೆ ಹೇಳಿಕೊಡುತ್ತೀಯಾ ಎಂದು ಕೇಳಿ. ಈಗ ಬೇಡ ಎಂದರೆ ಒತ್ತಾಯ ಮಾಡಬೇಡಿ.