ರೊಟ್ಟಿ ಕೆಳಗೆ ವಾಪಸ್ ಬಂದ ನೋಟು

ಪ್ರಶ್ನೆ: ನನಗೆ 71 ವರ್ಷ. ಕೊಪ್ಪಳದಲ್ಲಿ ಒಬ್ಬಳೇ ಇದ್ದೇನೆ, ಮಗ ಪುಣೆಯಲ್ಲಿ. ರಟ್ಟೆ ನೋವಿನಿಂದ ರೊಟ್ಟಿ ಬಡಿಯುವುದು ನಿಂತಿದೆ. ವರ್ಷದಿಂದ ಪಕ್ಕದ ಮನೆಯಾಕೆ ದಿನಾ ರೊಟ್ಟಿ-ಪಲ್ಯ ಕಳಿಸುತ್ತಾಳೆ, ಆಕೆಯ ಗಂಡ ದವಾಖಾನೆಗೆ ಕರೆದೊಯ್ಯುತ್ತಾನೆ. ಯಾರ ಹಂಗಿನಲ್ಲೂ ಬಾಳಿದವಳಲ್ಲ ನಾನು. ಡಬ್ಬಿಯಲ್ಲಿ 500 ರೂಪಾಯಿ ಇಟ್ಟೆ. ಮರುದಿನ ರೊಟ್ಟಿ ಕೆಳಗೆ ಅದೇ ನೋಟು ವಾಪಸ್! ‘ನನ್ನ ಹೊರಗಿನಾಕಿ ಮಾಡಿಬಿಟ್ರಿ ಅಮ್ಮಾರ’ ಅಂದಳು. ಈಗ ಆಕೆ ಡಬ್ಬಿ ತಂದರೆ ನಾನು ‘ಹಸಿವಿಲ್ಲ’ ಅನ್ನುತ್ತೇನೆ. ಏನು ಮಾಡಲಿ?

ಉತ್ತರ: ಅಮ್ಮಾ, ಮೊದಲು ಆ ‘ಹಸಿವಿಲ್ಲ’ ಬಿಡಿ. ಹೊಟ್ಟೆ ಕಾಯಿಸಿ ಸ್ವಾಭಿಮಾನ ಸಾಕುವ ವಯಸ್ಸಲ್ಲ ಇದು.

ನೋಟು ಕಂಡ ಕೂಡಲೇ ಆಕೆಯ ಮನೆ ಖಾನಾವಳಿ ಆಗಿಹೋಯಿತು. ಖಾನಾವಳಿಯಲ್ಲಿ ದುಡ್ಡು ಕೊಟ್ಟರೆ ಲೆಕ್ಕ ಚುಕ್ತಾ. ಆಕೆಗೆ ಚುಕ್ತಾ ಬೇಕಿರಲಿಲ್ಲ. ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಬರುವುದು ನಿಮಗೆ ಗೊತ್ತು. ಕೈ ಗಟ್ಟಿಯಿದ್ದಾಗ ನೀವೂ ಬಡಿದು ಕಳಿಸಿರಬೇಕು. ಉಂಡವರೆಲ್ಲ ನಿಮ್ಮ ಹಂಗಿಗೆ ಬಿದ್ದರು ಅಂತ ಒಂದು ದಿನವಾದರೂ ಅನಿಸಿತ್ತೇ?

ಆದರೂ ನಿಮ್ಮ ಸಂಕಟ ಸುಳ್ಳಲ್ಲ. ಬರೀ ಇಸಿದುಕೊಳ್ಳುತ್ತಲೇ ಇದ್ದರೆ ಉಪಕಾರಸ್ಮರಣೆಯೂ ಹುಳಿಯುತ್ತದೆ. ಅಮೆರಿಕದಲ್ಲಿ 423 ಹಿರಿಯ ದಂಪತಿಗಳನ್ನು ಐದು ವರ್ಷ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಇನ್ನೊಬ್ಬರಿಗೆ ಆಸರೆಯಾಗುತ್ತಿದ್ದವರಲ್ಲಿ ಸಾವು ಕಡಿಮೆ ಇತ್ತು. ಬರೀ ಆಸರೆ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಗಟ್ಟಿಮುಟ್ಟಾಗಿರುವವರೇ ತಾನೇ ನೆರವಾಗುವುದು ಅನ್ನುತ್ತೀರಾ? ಅವರ ಆರೋಗ್ಯವನ್ನೂ ಲೆಕ್ಕಕ್ಕೆ ಹಿಡಿದೇ ನೋಡಿದ್ದರು.

ಹಾಗಾಗಿ ಕೊಡಿ, ದುಡ್ಡು ಮಾತ್ರ ಬೇಡ. ಡಬ್ಬಿ ಬರಿದು ಕಳಿಸಬೇಡಿ. ಒಂದು ಹಿಡಿ ಕರಿಬೇವೋ, ಬೆಲ್ಲದ ಚೂರೋ ಇರಲಿ. ಮಧ್ಯಾಹ್ನ ಆಕೆಯ ಕಟ್ಟೆಗೆ ಹೋಗಿ ಪುಂಡಿಪಲ್ಯ ಸೋಸಿಕೊಡಿ. ಗುರೆಳ್ಳು ಚಟ್ನಿಯ ಹದ ನೀವು ಹೇಳಿ, ಆಕೆ ಕುಟ್ಟಲಿ. ‘ತಪ್ಪಾತವ್ವ’ ಅನ್ನುವುದಿದ್ದರೆ ಅಲ್ಲೇ, ಪಲ್ಯ ಸೋಸುತ್ತಲೇ ಅಂದುಬಿಡಿ.

ಆಕೆಯ ಗಂಡನಿಗೆ ನಿಮ್ಮ ಮಗ ಒಂದು ಫೋನ್ ಮಾಡಲಿ. ಇಷ್ಟು ದಿನ ಮಾಡಿಲ್ಲ ಅಂದರೆ ತಪ್ಪು ಅವನದು. ಅವರು ಊರಲ್ಲಿಲ್ಲದ ದಿನ ತೊಂದರೆಯಾದರೆ ಹಿರಿಯರ ಸಹಾಯವಾಣಿ 14567 ಇದೆ, ಗೋಡೆ ಮೇಲೆ ಬರೆದಿಡಿ.

ಆ 500ರ ನೋಟು? ಪಂಚಮಿಗೆ ಬಳೆಗಾರನನ್ನು ಮನೆಗೆ ಕರೆಸಿ, ಆಕೆಗೆ ಕೈತುಂಬ ಬಳೆ ಇಡಿಸಿ. ಅದನ್ನು ರೊಟ್ಟಿ ಕೆಳಗಿಟ್ಟು ವಾಪಸ್ ಕಳಿಸಲು ಬರುವುದಿಲ್ಲ.