ಓದುಗರ ಪ್ರಶ್ನೆ: ಟಗರಿನ ಕೊಂಬು ಎಣಿಸುವ ಲೆಕ್ಕ

ಪ್ರಶ್ನೆ: ಅಲಾಸ್ಕಾದ ಬೆಟ್ಟಗಳ ಬಿಳಿ ಕುರಿಗಳಲ್ಲಿ ಕೊಂಬು ಪೂರ್ತಿ ಸುತ್ತಿದ ಟಗರನ್ನಷ್ಟೇ ಹೊಡೆಯಬೇಕಂತೆ. ಅಷ್ಟು ದೂರದಿಂದ ಗುರುತಿಸುವುದು ಹೇಗೆ? (ಹುಬ್ಬಳ್ಳಿ)

ಉತ್ತರ: ಅವು ಡಾಲ್ ಕುರಿಗಳು. ಅಲ್ಲಿನ ನಿಯಮದಂತೆ ಪಕ್ಕದಿಂದ ನೋಡಿದಾಗ ಒಂದು ಕೊಂಬಾದರೂ 360 ಡಿಗ್ರಿ ಸುತ್ತಿರಬೇಕು; ಇಲ್ಲವೇ ಎರಡೂ ಕೊಂಬು ಮುರಿದಿರಬೇಕು; ಅದೂ ಇಲ್ಲದಿದ್ದರೆ ಟಗರಿಗೆ ಕನಿಷ್ಠ 8 ವರ್ಷವಾಗಿರಬೇಕು. ಸುತ್ತು ನೋಡಲು ಟಗರು ಸರಿಯಾಗಿ ಅಡ್ಡ ನಿಲ್ಲಬೇಕು. ಓರೆಯಾಗಿ ನಿಂತದ್ದು ಕಣ್ಣಿಗೆ ಮೋಸ ಮಾಡುತ್ತದೆ. ಕೈ ದುರ್ಬೀನು ಸಾಲದು, ಸ್ಟ್ಯಾಂಡಿನ ಮೇಲಿಟ್ಟು ನೋಡುವ ಸ್ಪಾಟಿಂಗ್ ಸ್ಕೋಪ್ ಬೇಕು, ಜತೆಗೆ ಅದು ತಲೆ ತಿರುಗಿಸುವವರೆಗೆ ಕಾಯುವ ತಾಳ್ಮೆ.

'ಮುರಿದ' ಎಂಬಲ್ಲಿ ಹಲವರು ಎಡವುತ್ತಾರೆ. ಮರಿಯಾಗಿದ್ದಾಗ ಬೆಳೆದ ಚೂಪು ತುದಿ ಎರಡೂ ಕಡೆ ಪೂರಾ ಹೋಗಿರಬೇಕು. ಬರೀ ಚಕ್ಕೆ ಎದ್ದಿದ್ದರೆ ಲೆಕ್ಕಕ್ಕಿಲ್ಲ.

ವಯಸ್ಸಿನ ಲೆಕ್ಕ ಇನ್ನೂ ಕಷ್ಟ. ಕುರಿಯ ಕೊಂಬು ಜಿಂಕೆಯದರಂತೆ ಉದುರುವುದಿಲ್ಲ. ಬೇಸಿಗೆಯಲ್ಲಿ ಬೆಳೆದು ಚಳಿಗಾಲದಲ್ಲಿ ನಿಲ್ಲುತ್ತದೆ, ನಿಂತಲ್ಲಿ ಕಪ್ಪು ಗೆರೆ ಬೀಳುತ್ತದೆ. ತುದಿಯಿಂದ ಬುಡದತ್ತ ಎಣಿಸಿ. ನಿಜವಾದ ಗೆರೆ ಆಳವಾಗಿದ್ದು ಕೊಂಬನ್ನು ಸುತ್ತಿ ಹಿಂಬದಿಗೂ ಹೋಗುತ್ತದೆ. ಮುಂದೆ ಮಾತ್ರ ಕಾಣುವ ಸುಕ್ಕು ಗೆರೆಯಲ್ಲ. ತುದಿ ಸವೆದಿದ್ದರೆ ಮೊದಲ ಗೆರೆಯೇ ಮಾಯ. ಬುಡದಲ್ಲಿ ಗೆರೆಗಳು ಒತ್ತೊತ್ತಾಗಿ ಬಂದು ಕೊನೆಯದು ಕೂದಲಲ್ಲಿ ಅಡಗಿರುತ್ತದೆ. ಅನುಮಾನವಿದ್ದರೆ ಬಂದೂಕು ಕೆಳಗಿಡುವುದೇ ಸರಿ. ಏಕೆಂದರೆ ಹೊಡೆದ ಮೇಲೆ ಕೊಂಬನ್ನು ಇಲಾಖೆಗೆ ತಂದು ಮುದ್ರೆ ಹಾಕಿಸಬೇಕು, ಅಲ್ಲಿ ಬೆರಳಿಟ್ಟೇ ಎಣಿಸುತ್ತಾರೆ. ಮಾಂಸವನ್ನೂ ಬೆಟ್ಟದಲ್ಲೇ ಬಿಟ್ಟು ಬರುವಂತಿಲ್ಲ.

ಪ್ರಶ್ನೆ: ಬೀಜದ ಟಗರನ್ನು ನಾವು ಕುರುಬರು ಮಾರುವುದಿಲ್ಲ. ದೊಡ್ಡ ಕೊಂಬಿನದ್ದನ್ನೇ ಆರಿಸಿ ಹೊಡೆದರೆ ತಳಿ ಕೆಡುವುದಿಲ್ಲವೇ? (ಚಿತ್ರದುರ್ಗ)

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗಕ್ಕೇ ತಾಗಿದೆ. ಕೆನಡಾದ ಆಲ್ಬರ್ಟಾದ ರ‍್ಯಾಮ್ ಬೆಟ್ಟದ ಬಿಗ್‌ಹಾರ್ನ್ ಕುರಿಗಳಲ್ಲಿ ಐದರಲ್ಲಿ ನಾಲ್ಕು ಪಾಲು ಸುತ್ತಿದ ಕೊಂಬಿದ್ದರೆ ಹೊಡೆಯಬಹುದಿತ್ತು. ಬೇಗ ಕೊಂಬು ಬೆಳೆಸಿದ ಟಗರು ನಾಲ್ಕೈದು ವರ್ಷಕ್ಕೇ ಗುಂಡಿಗೆ ಸಿಕ್ಕಿತು. ಟಗರುಗಳು ಹೆಚ್ಚು ಮರಿಗಳಿಗೆ ತಂದೆಯಾಗುವುದು ಅದಕ್ಕಿಂತ ಹಿರಿಯ ವಯಸ್ಸಿನಲ್ಲಿ. ಹೀಗಾಗಿ ಸಣ್ಣ ಕೊಂಬಿನವು ಉಳಿದು ಕೂಡಿದವು. ಸುಮಾರು ಮೂವತ್ತು ವರ್ಷಗಳಲ್ಲಿ ಕೊಂಬೂ ಮೈತೂಕವೂ ಇಳಿದದ್ದನ್ನು ಸಂಶೋಧಕರು 2003ರಲ್ಲಿ ಪ್ರಕಟಿಸಿದರು. ಅದರಲ್ಲಿ ಬೇಟೆಯ ಪಾಲೆಷ್ಟು, ಮೇವಿನ ಕೊರತೆಯ ಪಾಲೆಷ್ಟು ಎಂಬ ವಾದ ಮುಂದುವರಿದಿದೆ. ಪೂರ್ತಿ ಸುತ್ತು ಬೇಕೆಂದರೆ ಟಗರಿಗೆ ಕೂಡಲು ಇನ್ನೂ ಕೆಲವು ವರ್ಷ ಸಿಗುತ್ತದೆ, ಅಷ್ಟೇ. ಬೇಗ ಬೆಳೆಯುವುದು ಬೇಗ ಸಿಕ್ಕಿಬೀಳುವುದು ಅಲ್ಲೂ ತಪ್ಪದು.

ಪ್ರಶ್ನೆ: ನಮ್ಮ ಮಲೆನಾಡಿನಲ್ಲೂ ಕಾಡುಕುರಿ ಇದೆಯಲ್ಲ, ಅದಕ್ಕೂ ಪರವಾನಗಿ ಸಿಗುತ್ತದೆಯೇ? (ತೀರ್ಥಹಳ್ಳಿ)

ಉತ್ತರ: ನೀವು ಕಾಡುಕುರಿ ಎನ್ನುವುದು ಕುರಿಯಲ್ಲ, ಬೊಗಳುವ ಜಿಂಕೆ. ನಿಜವಾದ ಕಾಡಿನ ಕುರಿ ಬೇಕೆಂದರೆ ಲಡಾಖಿನ ನಾಯನ್, ಶಾಪು ನೋಡಬೇಕು. ಯಾವುದಕ್ಕೂ ಪರವಾನಗಿ ಇಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಇವುಗಳ ಬೇಟೆ ಅಪರಾಧ.